ಏನೂ ಮಾಡಬಾರದ ಚೌಕ

ಯೋಜನೆಗಳು ಪರಿಸರಕ್ಕೆ ಏನು ಮಾಡುತ್ತವೆಂದು ಅಳೆದು ಹೇಳುವ ನಮ್ಮ ಕಚೇರಿಯ ಪ್ರತಿಯೊಂದು ವರದಿಯಲ್ಲೂ ‘ಏನೂ ಮಾಡದಿದ್ದರೆ ಏನಾಗುತ್ತದೆ’ ಎಂಬ ಒಂದು ಅಧ್ಯಾಯ ಇರಲೇಬೇಕು. ರಸ್ತೆ ಹಾಕದಿದ್ದರೆ ಕಾಡು ಏನಾಗುತ್ತದೆ, ಕಾಲುವೆ ತೋಡದಿದ್ದರೆ ಕೆರೆ ಏನಾಗುತ್ತದೆ, ಹೀಗೆ. ಉಳಿದ ಅಧ್ಯಾಯಗಳಿಗೆ ಮಣ್ಣಿನವರು, ನೀರಿನವರು, ಹಕ್ಕಿಯವರು ಎಂದು ಬೇರೆ ಬೇರೆ ಜನ ಇದ್ದಾರೆ. ಏನೂ ಮಾಡದಿರುವುದರಲ್ಲಿ ಪರಿಣತಿ ಪಡೆದವರು ಮಾತ್ರ ಸಿಕ್ಕಿರಲಿಲ್ಲ. ನಾನು ಪದವಿ ಮುಗಿಸಿ ಕೆಲಸಕ್ಕೆ ಸೇರಿದ ವಾರದಲ್ಲೇ ಅದು ನನ್ನ ಪಾಲಿಗೆ ಬಂತು. ಸಂದರ್ಶನದಲ್ಲಿ ಅರ್ಧ ಪ್ರಶ್ನೆಗಳಿಗೆ ನಾನು ಸುಮ್ಮನೆ ಕೂತಿದ್ದೆನಂತೆ. ಅದನ್ನು ನೋಡಿದಾಗಲೇ ಇವನು ಸರಿಯಾದ ಆಳು ಎಂದು ಅವರಿಗೆ ಅನ್ನಿಸಿತಂತೆ. ಅಂದಿನಿಂದ ಕಚೇರಿಯಲ್ಲಿ ನನ್ನ ಹೆಸರು ಮೌನಿ.

ಕಚೇರಿ ಇರುವುದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಶುದ್ಧ ಗಾಳಿಯ ಬಗ್ಗೆ ನಾವು ಬರೆದ ವಾಕ್ಯಗಳೆಲ್ಲ ರಬ್ಬರಿನ ವಾಸನೆಯಲ್ಲಿ ಹುಟ್ಟಿದವು. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಮಾತು ನಿಲ್ಲುತ್ತದೆ. ಆ ಹೊತ್ತು ನನಗೆ ಇಷ್ಟ. ಎಲ್ಲರ ಬಾಯಿಯೂ ಅರ್ಧ ತೆರೆದು ನಿಂತಿರುತ್ತದೆ, ಆಗ ಮಾತ್ರ ಅವರು ಏನು ಯೋಚಿಸುತ್ತಿದ್ದಾರೆಂದು ಮುಖ ನೋಡಿ ಹೇಳಬಹುದು.

ನಮ್ಮ ಮುಖ್ಯಸ್ಥರನ್ನು ಅವರ ಬೆನ್ನ ಹಿಂದೆ ಎಲ್ಲರೂ ಶಮನ ಸಾಹೇಬರು ಎನ್ನುತ್ತಾರೆ. ಜಗತ್ತಿನ ಯಾವ ಕೆಡುಕಿಗೂ ಅವರ ಬಳಿ ಒಂದು ‘ಶಮನ ಕ್ರಮ’ ಇರುತ್ತದೆ. ನದಿ ಬತ್ತಿದರೆ ಶಮನ ಕ್ರಮ, ಮೀನು ಸತ್ತರೆ ಶಮನ ಕ್ರಮ. ಒಮ್ಮೆ ಕಚೇರಿಯ ಸೂರು ಸೋರಿತು. ಅವರು ಒಂದು ಬಕೆಟ್ ತರಿಸಿ ಕೆಳಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, “ಪರಿಣಾಮ ನಗಣ್ಯ” ಅಂದರು. ತಮಾಷೆಗೆ ಅಂದದ್ದಲ್ಲ.

ಈ ಸಲ ನಮಗೆ ಬಂದದ್ದು ಮಳೆಯಾಶ್ರಿತ ಬೇಸಾಯ ಮತ್ತು ಜಾನುವಾರು ಅಭಿವೃದ್ಧಿ ಯೋಜನೆ. ಒಣಭೂಮಿಯ ರೈತರ ಹೊಲಗಳಿಗೆ ಬದು ಹಾಕುವುದು, ಹೊಸ ಬೀಜ ಕೊಡುವುದು, ಸುಧಾರಿತ ತಳಿಯ ಆಡುಗಳನ್ನು ತರುವುದು. ಇದರಿಂದ ಪರಿಸರಕ್ಕೆ ಏನಾಗುತ್ತದೆ ಎಂದು ನಾವು ಹೇಳಬೇಕಿತ್ತು. ಮುಖ್ಯ ಪ್ರಶ್ನೆ ಒಂದೇ. ಹೊಲಗಳ ಹಿಂದೆ ಒಂದು ದೊಡ್ಡ ಇಳಿಜಾರಿದೆ, ಊರಿನ ಆಡುಗಳೆಲ್ಲ ಮೇಯುವುದು ಅಲ್ಲೇ. ಅದು ಇನ್ನಷ್ಟು ಆಡುಗಳನ್ನು ತಾಳುತ್ತದೋ, ಇಲ್ಲವೋ?

ಉತ್ತರ ಕಂಡುಕೊಳ್ಳಲು ಇಳಿಜಾರಿನಲ್ಲಿ ಒಂದು ಚೌಕ ಜಾಗಕ್ಕೆ ತಂತಿಬೇಲಿ ಹಾಕಿಸಿದೆವು. ಅದರೊಳಗೆ ಯಾರೂ ಏನೂ ಮಾಡಬಾರದು. ಒಂದು ಮಳೆಗಾಲ ಕಳೆದ ಮೇಲೆ ಒಳಗಿನ ಹುಲ್ಲನ್ನು ಹೊರಗಿನ ಹುಲ್ಲಿನ ಜೊತೆ ಹೋಲಿಸುವುದು. ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಇಳಿಜಾರು ಈಗಿರುವ ಹಾಗೇ ಎಲ್ಲರಿಗೂ ತೆರೆದಿರುತ್ತದೆ. ಬೇಲಿಯೊಳಗೆ ಹುಲ್ಲು ಸೊಂಪಾಗಿ ಬೆಳೆದು ಹೊರಗೆ ಬೋಳಾಗಿದ್ದರೆ ಆಡುಗಳೇ ಅಪರಾಧಿಗಳು. ಆಗ ಇಡೀ ಇಳಿಜಾರಿಗೆ ಬೇಲಿ. ಆಡು ಸಾಕುವವರು ದೊಡ್ಡಿಯಲ್ಲೇ ಕಟ್ಟಿಹಾಕಿ, ದೂರದಿಂದ ಮೇವು ಕೊಯ್ದು ಹೊತ್ತು ತಂದು ಹಾಕಬೇಕು.

ಹೊತ್ತು ತರಲಾಗದವರು ಆಡು ಮಾರಬೇಕು. ಹಾಗೆಂದು ಎಲ್ಲೂ ಬರೆದಿರಲಿಲ್ಲ, ಆದರೆ ನನಗೆ ಗೊತ್ತಿತ್ತು. ಇಳಿಜಾರಿನ ಬುಡದಲ್ಲೇ ನಮ್ಮ ಸೋದರತ್ತೆಯ ಮನೆ. ಅಪ್ಪನಿಗಿಂತ ದೊಡ್ಡವಳು. ಮಂಡಿ ನೋವಿಗೆ ಮೆಟ್ಟಿಲು ಹತ್ತಲಾಗದ ಅತ್ತೆ ಆಡುಗಳ ಹಿಂದೆ ಗುಡ್ಡ ಹತ್ತುತ್ತಾಳೆ. ಅದು ಹೇಗೆ ಎಂದು ಕೇಳಿದರೆ, “ಗುಡ್ಡಕ್ಕೆ ನಾನು ಹೋಗಲ್ಲ ಕಣೋ, ಅವು ಕರ್ಕೊಂಡು ಹೋಗ್ತವೆ” ಅನ್ನುತ್ತಾಳೆ. ಚಿಕ್ಕಂದಿನಲ್ಲಿ ರಜೆ ಬಂದರೆ ನಾನೂ ಹಿಂದೆ ಹೋಗುತ್ತಿದ್ದೆ. ಅತ್ತೆ ಎದ್ದಾಗಿನಿಂದ ಮಲಗುವವರೆಗೆ ಮಾತಾಡುವವಳು, ನಿದ್ದೆಯಲ್ಲೂ ಯಾರನ್ನೋ ಬೈಯುವವಳು. ಆಡು ಮೇಯಿಸುವಾಗ ಮಾತ್ರ ಅವಳ ಬಾಯಿ ಮುಚ್ಚಿರುತ್ತಿತ್ತು. ಮೌನದ ರುಚಿ ನನಗೆ ಹತ್ತಿದ್ದು ಅಲ್ಲೇ ಇರಬೇಕು.

ಚೌಕಕ್ಕೆ ಒಬ್ಬ ಕಾವಲಿನವರು ಬೇಕಾದಾಗ ನಾನು ಅತ್ತೆಯ ಹೆಸರು ಹೇಳಿದೆ. ಸಾಹೇಬರು ಒಪ್ಪಿ ಅದನ್ನು ‘ಸ್ಥಳೀಯ ಸಹಭಾಗಿತ್ವ’ ಎಂದು ಬರೆಸಿದರು. ಒಂದು ಷರತ್ತು ಹಾಕಿದರು: ಅಧ್ಯಯನದ ಉದ್ದೇಶ ಕಾವಲಿನವರಿಗೆ ಗೊತ್ತಾಗಬಾರದು. ಗೊತ್ತಾದರೆ ಅವರು ಏನಾದರೂ ಮಾಡಿಬಿಡುತ್ತಾರೆ, ಫಲಿತಾಂಶ ಕೆಡುತ್ತದೆ. ಸುಮ್ಮನಿರುವುದು ನನಗೆ ಎಂದೂ ಕಷ್ಟವಾಗಿರಲಿಲ್ಲ.

ಬೇಲಿಯ ಮುಂದೆ ನಿಲ್ಲಿಸಿ ಅತ್ತೆಗೆ ಕೆಲಸ ವಿವರಿಸಿದೆ. ಸಾಹೇಬರು ಪಕ್ಕದಲ್ಲೇ ಇದ್ದರು.

“ಒಳಗೆ ಆಡು ಹೋಗಬಾರದು, ಜನ ಹೋಗಬಾರದು. ಅಷ್ಟು ನೋಡ್ಕೋ. ಬೇರೇನೂ ಮಾಡಬಾರದು.”

“ಕಳೆ ಬಂದ್ರೆ?”

“ಬರಲಿ.”

“ಕಲ್ಲು ಬಿದ್ದಿದ್ರೆ?”

“ಬಿದ್ದಿರಲಿ.”

“ನೀರು?”

“ಮಳೆ ಬಂದ್ರೆ ಬಂತು.”

ಅತ್ತೆ ಚೌಕವನ್ನು ಒಮ್ಮೆ ಸುತ್ತು ಹಾಕಿ ಬಂದಳು. “ಅಂದ್ರೆ ಹಾಳು ಬೀಳಲಿ ಅಂತ ಬಿಟ್ಟಿರೋ ಜಾಗಕ್ಕೆ ಕಾವಲು. ಯಾಕೆ?”

ನಾನು ಸಾಹೇಬರ ಮುಖ ನೋಡಿದೆ. “ಅದನ್ನ ಹೇಳೋ ಹಾಗಿಲ್ಲ ಅತ್ತೆ.”

“ಏನೂ ಮಾಡದೆ ಸಂಬಳ ತಗೊಳ್ಳೋಕೆ ನಾನೇನು ನಿನ್ನ ಆಫೀಸಲ್ಲಿದೀನಾ?”

ಸಾಹೇಬರು ಗಟ್ಟಿಯಾಗಿ ನಕ್ಕರು. ಮಾತು ತಮಗೂ ತಾಗಿದೆ ಎಂದು ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ ಹೊಳೆದಿರಬೇಕು. ಉಳಿದರ್ಧ ದಾರಿ ಕಿಟಕಿಯಾಚೆಯೇ ನೋಡುತ್ತಿದ್ದರು.

ಮಳೆಯಾಶ್ರಿತ ಯೋಜನೆಗೆ ಆ ವರ್ಷ ಆಶ್ರಯ ಸಿಗಲಿಲ್ಲ. ಶುರುವಿನಲ್ಲಿ ಎರಡು ಸಲ ಸುರಿದ ಮಳೆ ಆಮೇಲೆ ಮುಖ ತೋರಿಸಲಿಲ್ಲ. ಹೊಸ ಬೀಜದ ಪೈರು ಗೇಣುದ್ದ ಎದ್ದು ಹಾಗೇ ನಿಂತಿತು. ಸುಧಾರಿತ ತಳಿಯ ಹೋತಗಳು ಬಿಸಿಲಿಗೆ ಹೊರಗೆ ಬರಲು ಒಪ್ಪದೆ ಯೋಜನಾ ಕಚೇರಿಯ ಸಭಾಂಗಣದಲ್ಲಿ ಫ್ಯಾನಿನ ಕೆಳಗೆ ಮಲಗಿದವು. ಸಭೆಗಳು ಜಗಲಿಗೆ ಬಂದವು.

ಮಳೆಗಾಲದ ಕೊನೆಗೆ ಅಳತೆಗೆಂದು ಹೋದಾಗ ದೂರದಿಂದಲೇ ಚಾಲಕ ಬ್ರೇಕ್ ಹಾಕಿದ. ಇಡೀ ಇಳಿಜಾರು ಸುಟ್ಟ ಬಣ್ಣಕ್ಕೆ ತಿರುಗಿತ್ತು. ನಡುವೆ ಯಾರೋ ಒಗೆದು ಹರವಿದ ಹಸಿರು ಟವೆಲ್ಲಿನಂತೆ ನಮ್ಮ ಚೌಕ. ಹುಲ್ಲು ಮೊಣಕಾಲೆತ್ತರ, ಒಂದೇ ಸಮ. ಬೇಲಿಯ ಪಕ್ಕ ಅತ್ತೆ ಕೈಕಟ್ಟಿ ನಿಂತಿದ್ದಳು, ಮಗಳ ನಾಟಕ ನೋಡಲು ಮೊದಲ ಸಾಲಿನಲ್ಲಿ ಕೂತ ತಾಯಿಯ ಮುಖ ಮಾಡಿಕೊಂಡು.

“ನೋಡ್ರೀ ಮೌನಿ,” ಸಾಹೇಬರು ಕೈ ಚಾಚಿ ತೋರಿಸಿದರು. “ಪ್ರಕೃತಿಗೆ ನಾವು ಅಡ್ಡ ಬರದಿದ್ರೆ ಸಾಕು.”

“ಮಳೆ ಬಂದಿಲ್ವಲ್ಲ ಸರ್.”

“ಬೇಲಿ ಇದೆಯಲ್ಲ.”

ನಾನು ಒಳಗೆ ಹೋಗಿ ಅಳತೆಗೆ ಮಂಡಿಯೂರಿದೆ. ಪ್ಯಾಂಟಿನ ಮಂಡಿ ಒದ್ದೆಯಾಯಿತು. ಹುಲ್ಲಿನ ಬುಡದಲ್ಲಿ ಆಡಿನ ಹಿಕ್ಕೆ ಇತ್ತು, ಆಡು ಕಾಲಿಡದ ಜಾಗದಲ್ಲಿ, ಮಣ್ಣು ಮುಚ್ಚಿ ನೀಟಾಗಿ. ತಲೆ ಎತ್ತಿದೆ. ಅತ್ತೆ ಆಕಾಶ ನೋಡುತ್ತಿದ್ದಳು. ಆಗ ನಾನು ಬಾಯಿ ಬಿಡಲಿಲ್ಲ. ಬಿಡಲಾಗಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಬಿಡಲಿಲ್ಲ ಎನ್ನುವುದೇ ಸರಿ.

ಭಾನುವಾರ ಒಬ್ಬನೇ ಹೋದೆ. ಬಿಸಿಲೇರುವ ಮೊದಲೇ ಅತ್ತೆ ಆಡುಗಳ ತೊಟ್ಟಿಯಿಂದ ಬಕೆಟ್ ತುಂಬಿಸಿ ಚೌಕದ ಕಡೆ ಹೊರಟಿದ್ದಳು. ನನ್ನನ್ನು ಕಂಡು ಗಾಬರಿಯಾಗಲಿಲ್ಲ.

“ಬಂದ್ಯಾ? ಆ ಇನ್ನೊಂದು ಬಕೆಟ್ ಹಿಡಿ.”

ಹಿಡಿದೆ. ಹಿರಿಯರು ಕೈಗೆ ಬಕೆಟ್ ಕೊಟ್ಟರೆ ಹಿಡಿದು ಆಮೇಲೆ ಯೋಚಿಸುವುದು ನಮ್ಮ ಮನೆಯ ಅಭ್ಯಾಸ. ಬೇಲಿಯ ಹತ್ತಿರ ಬಂದ ಮೇಲೆ ಹೇಳಿದೆ, “ಅತ್ತೆ, ಏನೂ ಮಾಡಬಾರದು ಅಂದಿದ್ದೆ.”

“ಅಂದಿದ್ದೆ. ಮೊದಲು ಮಾಡ್ಲಿಲ್ಲ. ದಿನಾ ಬಂದು ಕೂತೆ, ನೋಡ್ದೆ. ಕಣ್ಣೆದುರಿಗೇ ಒಣಗ್ತಾ ಬಂತು. ಬೇಲಿ ಹಾಕಿಸ್ಕೊಂಡು ಒಣಗೋದು ಅಂದ್ರೆ ಏನೋ? ಹೊರಗಿದ್ದಿದ್ರೆ ಆಡಾದ್ರೂ ತಿಂತಿತ್ತು. ದಾರೀಲಿ ಹೋಗೋರು ಬರೋರು ‘ಏನಕ್ಕ, ಸೋದರಳಿಯನ ತೋಟ ಹೇಗಿದೆ’ ಅಂತ ಹಲ್ಲು ಕಿರೀತಿದ್ರು. ನೀನು ಓದಿ ಮಾಡಿಸಿರೋ ಜಾಗ. ನನ್ನ ಕೈಗೆ ಕೊಟ್ಟಿದೀಯ. ನಿನ್ನ ಮರ್ಯಾದೆ ಹೋಗಬಾರದು ಅಂತ ಒಂದು ಬಕೆಟ್ ಹಾಕ್ದೆ. ಒಂದು ಹಾಕಿದ್ಮೇಲೆ ಅದು ಸುಮ್ನಿರುತ್ತಾ, ನಾಳೆನೂ ಕೇಳುತ್ತೆ.”

“ಮೊದಲು ಇಲ್ಲಿ ಬೇರೆ ಬೇರೆ ಗಿಡ ಇದ್ವಲ್ಲ?”

“ಕಳೆ. ಎಲ್ಲಾ ಕಿತ್ತೆ.”

“ನೀಲಿ ಹೂವಿಂದು?” ಸಸ್ಯಗಳ ಪಟ್ಟಿಯಲ್ಲಿ ಅದಕ್ಕೆ ಮಾತ್ರ ‘ವಿರಳ’ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು.

“ಮೊದಲು ಅದನ್ನೇ ಕಿತ್ತಿದ್ದು. ನೋಡೋಕೇ ಒಂಥರಾ ಇತ್ತು.”

ಬಕೆಟ್ ಕೆಳಗಿಟ್ಟು ಎಲ್ಲ ಹೇಳಿದೆ. ಒಳಗಿನ ಹುಲ್ಲು ಚೆನ್ನಾಗಿ ಬಂದರೆ ಆಡುಗಳಿಂದಲೇ ಇಳಿಜಾರು ಹಾಳಾಗಿದೆ ಎಂದಾಗುತ್ತದೆ. ಇಡೀ ಗುಡ್ಡಕ್ಕೆ ಬೇಲಿ ಬರುತ್ತದೆ. ನಿನ್ನ ಆಡುಗಳೂ ಹೊರಗೆ. ಹೇಳುವಾಗ ಅತ್ತೆಯ ಕಣ್ಣು ಹುಲ್ಲಿನ ಮೇಲೇ ಇತ್ತು. ಮುಗಿದ ಮೇಲೆ ಅವಳು ಸುಮ್ಮನಾದಳು. ಗುಡ್ಡದ ಮೇಲೆ ಆಡುಗಳ ಹಿಂದೆ ನಡೆಯುವಾಗ ಇರುತ್ತಿದ್ದ ಮೌನವಲ್ಲ ಅದು. ಆ ಮೌನದೊಳಗೆ ನಾನೂ ಸೇರಿರುತ್ತಿದ್ದೆ. ಇದರೊಳಗೆ ನನಗೆ ಜಾಗ ಇರಲಿಲ್ಲ.

“ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?”

“ಹೇಳೋ ಹಾಗಿರಲಿಲ್ಲ.”

“ಓದಿಸಿದ್ದು ಬಾಯಿಗೆ ಬೀಗ ಹಾಕೋಕಾ?” ಬೇಲಿಯ ಬಾಗಿಲ ಕಡೆ ತಿರುಗಿ, “ಆಡು ಬಿಡ್ಲಾ ಒಳಗೆ? ಊಟದ ಹೊತ್ತಿಗೆ ನೆಲ ನೆಕ್ಕಿಬಿಡ್ತವೆ.”

“ಅಳತೆ ಆಗಿಹೋಗಿದೆ. ಫೋಟೋನೂ ತೆಗೆದಾಗಿದೆ.”

“ಹಾಗಾದ್ರೆ ಹೋಗಿ ನಿನ್ನ ಸಾಹೇಬನಿಗೆ ಹೇಳು, ಯಾರೋ ನೀರು ಹಾಕಿದಾರೆ ಅಂತ. ನನ್ನ ಹೆಸರು ಎತ್ತಬೇಡ. ಸಂಬಳ ತಗೊಂಡು ಹೇಳಿದ ಮಾತು ಕೇಳ್ಲಿಲ್ಲ ಮುದುಕಿ ಅಂತ ಊರೆಲ್ಲ ಆಡ್ಕೊಳ್ಳೋದು ಬೇಡ.” ಹೇಳಿ, ನಾನು ಕೆಳಗಿಟ್ಟಿದ್ದ ಬಕೆಟ್ಟನ್ನೂ ಎತ್ತಿ ಹುಲ್ಲಿಗೆ ಸುರಿದಳು. ತಂದಾಗಿದೆಯಲ್ಲ ಎಂಬಂತೆ.

ಮರುದಿನ ಸಾಹೇಬರ ಕೋಣೆಗೆ ಹೋಗಿ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿದರು.

“ಯಾರು ಹಾಕಿದ್ದು?”

ಕೆಳಗೆ ಗಾಳಿ ಯಂತ್ರ ಶುರುವಾಯಿತು. ಅದು ನಿಲ್ಲುವವರೆಗೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದೆವು. ಅಷ್ಟರಲ್ಲಿ ಅವರಿಗೆ ಶಮನ ಕ್ರಮ ಸಿಕ್ಕಿತ್ತು.

“ಯಾರು ಅಂತ ಗೊತ್ತಿಲ್ಲ ಅಂದ್ಮೇಲೆ ಯಾರೂ ಹಾಕಿಲ್ಲ ಅಂತಲೇ ಅರ್ಥ. ವರದಿ ನಾಳೆ ಅಚ್ಚಿಗೆ ಹೋಗುತ್ತೆ ಕಣ್ರೀ. ಮುಖಪುಟದಲ್ಲಿ ಆ ಚೌಕದ್ದೇ ಫೋಟೋ. ಒಂದು ಕೆಲಸ ಮಾಡಿ, ಅಡಿಟಿಪ್ಪಣಿ ಹಾಕೋಣ. ‘ಚೌಕದೊಳಗಿನ ತೇವಾಂಶದಲ್ಲಿ ಅಲ್ಪ ಸ್ಥಳೀಯ ವ್ಯತ್ಯಾಸ ಕಂಡುಬಂದಿದೆ.’ ಸುಳ್ಳಲ್ಲ ತಾನೇ?”

ಸುಳ್ಳಾಗಿರಲಿಲ್ಲ. ಅತ್ತೆಯ ಬಕೆಟ್ಟು, ಮಂಡಿ ನೋವು, ಮುಂಜಾನೆಗಳು ಎಲ್ಲ ಸೇರಿ ಅಲ್ಪ ಸ್ಥಳೀಯ ವ್ಯತ್ಯಾಸವಾದವು. ವಾಕ್ಯವನ್ನು ನಾನೇ ಟೈಪ್ ಮಾಡಿದೆ.

ಹಣ ಕೊಡುವ ಸಂಸ್ಥೆಯಿಂದ ಪರಿಶೀಲನೆಗೆ ಒಬ್ಬ ಹೆಂಗಸು ಬಂದರು. ಬಿಳಿ ಟೋಪಿ, ಮಣ್ಣು ಕಾಣದ ಬೂಟು, ಬಹಳ ಒಳ್ಳೆಯ ನಡತೆ. ಸಭೆಯನ್ನು ಇಳಿಜಾರಿನಲ್ಲೇ, ಚೌಕದ ಪಕ್ಕ ಶಾಮಿಯಾನ ಹಾಕಿ ಏರ್ಪಡಿಸಿದ್ದರು. ಊರಿನವರಿಗೆ ಪ್ಲಾಸ್ಟಿಕ್ ಕುರ್ಚಿ. ಸುಧಾರಿತ ಹೋತವೊಂದನ್ನು ವ್ಯಾನಿನಲ್ಲಿ ತಂದು ತೋರಿಸಿ, ಬಿಸಿಲೇರುವ ಮೊದಲೇ ವಾಪಸು ಕಳಿಸಿದರು. ಅತ್ತೆ ಒಗೆದ ಬಟ್ಟೆ ಉಟ್ಟು ಬೇಲಿಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ.

ಸಾಹೇಬರು ಕೋಲು ಹಿಡಿದು ಒಳಗಿನ ಹಸಿರು ತೋರಿಸಿದರು, ಹೊರಗಿನ ಬೋಳು ತೋರಿಸಿದರು. “ಆದ್ದರಿಂದ ಇಡೀ ಇಳಿಜಾರನ್ನು ಮುಚ್ಚುವುದೇ ನಮ್ಮ ಶಿಫಾರಸು,” ಅಂದರು. “ಆಡು ಸಾಕುವವರಿಗೆ ಆಗುವ ತೊಂದರೆ ಮಧ್ಯಮ ಪ್ರಮಾಣದ್ದು. ಮೇವು ಹೊರುವುದರ ಬಗ್ಗೆ ತರಬೇತಿ ಕೊಡಲಾಗುತ್ತದೆ.”

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

“ಯಾರಿಗಾದರೂ ಆಕ್ಷೇಪಣೆ ಇದೆಯಾ?” ಪರಿಶೀಲಕಿ ಕೇಳಿದರು.

ಯಾರೂ ಮಾತಾಡಲಿಲ್ಲ. ಅಷ್ಟು ಜನ ಒಟ್ಟಿಗೆ ಸುಮ್ಮನಾದರೆ ಅದಕ್ಕೊಂದು ತೂಕ ಬರುತ್ತದೆ. ಅದರಲ್ಲಿ ಹೆದರಿಕೆ ಇತ್ತು, ಬೇಸರ ಇತ್ತು, ಹೇಳಿ ಏನು ಪ್ರಯೋಜನ ಎಂಬುದಿತ್ತು, ಬಿಸಿಲೂ ಇತ್ತು. ಇದಕ್ಕೆಲ್ಲ ನಡಾವಳಿಯಲ್ಲಿ ಒಂದೇ ಪದ: ಸಮ್ಮತಿ. ಪೆನ್ನಿನ ಕ್ಯಾಪ್ ತೆಗೆದೆ. ಏಳಬೇಕು, ಹೇಳಬೇಕು ಅನ್ನಿಸಿತು. ಅತ್ತೆಯ ಹೆಸರೆತ್ತದೆ ಹೇಗೆ ಹೇಳುವುದು? ನೀರು ತಾನಾಗಿ ಗುಡ್ಡ ಹತ್ತಿತು ಅನ್ನಲೇ? ‘ಸ’ ಎಂದು ಬರೆದೆ.

ಪರಿಶೀಲಕಿ ಎದ್ದು ಬೇಲಿಯ ಬಳಿ ಬಂದು ಹುಲ್ಲನ್ನು ಬೆರಳಿಂದ ಸವರಿದರು. “ಅದ್ಭುತ. ಇಲ್ಲಿ ಯಾರೂ ಏನೂ ಮಾಡಿಲ್ಲ, ಅದೇ ಇದರ ಸೊಗಸು.” ಅತ್ತೆಯ ಕಡೆ ತಿರುಗಿ ಪ್ರೀತಿಯಿಂದ, “ಅಮ್ಮಾ, ನೀವು ಅದೃಷ್ಟವಂತರು. ಸುಮ್ಮನೆ ಕೂತ್ಕೊಂಡೇ ಇದೆಲ್ಲ ನೋಡಿದ್ರಿ.”

ಅತ್ತೆಯ ಹುಬ್ಬು ಗಂಟಿಕ್ಕಿತು.

“ಯಾರು ಸುಮ್ನೆ ಕೂತಿದ್ದು?”

“ಅಂದ್ರೆ, ಇದು ತಾನಾಗೇ...”

“ತಾನಾಗೇ ನನ್ನ ಮನೆ ತಟ್ಟೆನೂ ತೊಳ್ಕೊಳ್ಳಲ್ಲ ಮೇಡಂ, ಹುಲ್ಲು ಬೆಳ್ಕೊಳ್ಳುತ್ತಾ? ನನ್ನ ಸೊಂಟ ಕೇಳಿ, ಅದು ಹೇಳುತ್ತೆ. ಬೆಳಿಗ್ಗೆ ನೀರು ಹೊತ್ತಿದೀನಿ, ಸಂಜೆ ಹೊತ್ತಿದೀನಿ. ಕಳೆ ಕಿತ್ತಿದೀನಿ. ಇಲ್ಲಿ ಹುಲ್ಲು ತೆಳ್ಳಗಿತ್ತು ಅಂತ ಕೆಳಗಿನ ಹಳ್ಳದ ದಂಡೆಯಿಂದ ಬೇರು ಸಮೇತ ತಂದು ನೆಟ್ಟಿದೀನಿ. ಯಾರೂ ಏನೂ ಮಾಡಿಲ್ವಂತೆ.”

ಬೇರು ಸಮೇತ ತಂದು ನೆಟ್ಟದ್ದು ನನಗೂ ಹೊಸ ಸುದ್ದಿ.

ಸಾಹೇಬರು ನಕ್ಕರು. “ನಮ್ಮ ಅಜ್ಜಿ ಬಹಳ ತಮಾಷೆ ಮೇಡಂ.”

ಪರಿಶೀಲಕಿ ನಗಲಿಲ್ಲ. ಬಗ್ಗಿ, ಹುಲ್ಲಿನ ಬುಡದಿಂದ ಒಂದು ಕರಿ ಉಂಡೆ ಎತ್ತಿ ಹಿಡಿದರು. “ಇದೇನು?”

“ನಮ್ಮ ಆಡಿನ ಹಿಕ್ಕೆ,” ಅತ್ತೆ ಹೇಳಿದಳು. “ಒಳಗೆ ಆಡು ಬರಬಾರದು ಅಂದಿದ್ರು. ಹಿಕ್ಕೆ ಬರಬಾರದು ಅಂತ ಯಾರೂ ಹೇಳಿರಲಿಲ್ಲ.”

ಊರಿನವರ ಕಡೆಯಿಂದ ನಗೆ ಎದ್ದಿತು. ಪರಿಶೀಲಕಿ ನನ್ನ ಕಡೆ ನೋಡಿದರು. “ಬರ್ಕೊಳ್ತಿದ್ದೀರಲ್ಲ, ನೀವು ಹೇಳಿ. ಇದು ನಿಜಾನಾ?”

ಸಾಹೇಬರ ಕಣ್ಣು ನನ್ನ ಮೇಲಿತ್ತು. ನನ್ನ ಮೌನದ ಮೇಲೆ ಅವರಿಗೆ ಪೂರ್ತಿ ಭರವಸೆ ಇತ್ತು. ನನಗೂ ಇತ್ತು.

“ನಿಜ,” ಅಂದೆ. “ನಾನೂ ಒಂದು ಬಕೆಟ್ ಹೊತ್ತಿದ್ದೇನೆ. ಇವರು ನಮ್ಮ ಅತ್ತೆ.”

ನಡಾವಳಿಯಲ್ಲಿ ‘ಸ’ ಹಾಗೇ ಉಳಿಯಿತು. ಅದನ್ನು ‘ಸಭೆ ಮುಂದೂಡಲಾಯಿತು’ ಎಂದು ಮಾಡಿದೆ.

ಹೋಲಿಕೆಯನ್ನು ರದ್ದು ಮಾಡಿದರು. ಹೊಸ ಚೌಕ ಹಾಕಿ ಇನ್ನೊಂದು ಮಳೆಗಾಲ ನೋಡಬೇಕು, ಅಲ್ಲಿಯವರೆಗೆ ಇಳಿಜಾರು ತೆರೆದೇ ಇರಲಿ ಎಂದು ತೀರ್ಮಾನವಾಯಿತು. ಅಚ್ಚಾದ ವರದಿಗಳ ಕಟ್ಟು ನಮ್ಮ ಕಚೇರಿಯಲ್ಲಿ ಸೋರುವ ಸೂರಿನ ಕೆಳಗೆ, ಬಕೆಟ್ಟಿಗೆ ಪೀಠವಾಗಿ ಕೂತಿದೆ. ಪರಿಷ್ಕೃತ ವರದಿಗೆ ಸಾಹೇಬರು ಸ್ವತಃ ಒಂದು ಸಾಲು ಸೇರಿಸಿದರು: ‘ಅಧ್ಯಯನದ ಮೇಲೆ ಕಾವಲಿನ ಮಹಿಳೆಯ ಪರಿಣಾಮ: ಗಣನೀಯ, ದೀರ್ಘಕಾಲಿಕ. ಶಮನ ಕ್ರಮ ಲಭ್ಯವಿಲ್ಲ.’ ಅವರ ವೃತ್ತಿಜೀವನದಲ್ಲಿ ಹಾಗೆ ಬರೆದದ್ದು ಅದೇ ಮೊದಲು ಎಂದು ಹಳಬರು ಹೇಳಿದರು.

ಅತ್ತೆಯನ್ನು ಕಾವಲಿನಿಂದ ತೆಗೆದರು. ಅವಳ ಜಾಗಕ್ಕೆ ನಿಜವಾಗಿಯೂ ಏನೂ ಮಾಡದೆ ಇರಬಲ್ಲ ಒಬ್ಬ ಆಳು ಬೇಕಿತ್ತು. ಸಾಹೇಬರು ಸಿಬ್ಬಂದಿಯನ್ನೆಲ್ಲ ಕೂರಿಸಿ ಕೇಳಿದರು. ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ, ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು.

ಈಗ ನಾನು ಹೊಸ ಚೌಕದ ಮುಂದೆ ಮಡಚುವ ಕುರ್ಚಿಯಲ್ಲಿ ಕೂರುತ್ತೇನೆ. ಮಳೆ ಈ ಸಲವೂ ಮೀನಮೇಷ ಎಣಿಸುತ್ತಿದೆ. ಬೇಲಿಯೊಳಗೆ, ಕೈಗೆ ಎಟುಕುವಷ್ಟು ಹತ್ತಿರ, ನೀಲಿ ಹೂವಿನ ಆ ಗಿಡ ಒಂದು ಹುಟ್ಟಿದೆ. ಬೆಳಿಗ್ಗೆ ತಲೆ ಎತ್ತುತ್ತದೆ, ಮಧ್ಯಾಹ್ನಕ್ಕೆ ಬಾಗುತ್ತದೆ. ನನ್ನ ಕಾಲ ಬಳಿ ನೀರಿನ ಬಾಟಲಿ ಇರುತ್ತದೆ. ಒಂದು ಗುಟುಕು ಸಾಕು ಅದಕ್ಕೆ.

ನಿನ್ನೆ ಅತ್ತೆ ಆಡುಗಳ ಹಿಂದೆ ಅದೇ ದಾರಿಯಲ್ಲಿ ಬಂದಳು. ನನ್ನ ಪಕ್ಕ ನಿಂತು ಗಿಡ ನೋಡಿದಳು, ನನ್ನ ಮುಖ ನೋಡಿದಳು, ಬಾಟಲಿ ನೋಡಿದಳು. ಬಾಟಲಿಯ ಮುಚ್ಚಳ ಅದಾಗಲೇ ಸಡಿಲವಾಗಿತ್ತು.

“ಕಷ್ಟ ಅಲ್ವಾ?”

ನಾನು ಮುಚ್ಚಳ ಬಿಗಿ ಮಾಡಿದೆ.

“ಕೊಡು ಇಲ್ಲಿ. ನಿನ್ನ ಹತ್ರ ಇದ್ರೆ ಹಾಕೇ ಹಾಕ್ತೀಯ.” ಬಾಟಲಿ ಕಿತ್ತುಕೊಂಡು ಒಂದು ಗುಟುಕು ತಾನು ಕುಡಿದು, ಉಳಿದದ್ದನ್ನು ಅಂಗೈಯಲ್ಲಿ ಹಿಡಿದು ಮರಿಯೊಂದಕ್ಕೆ ಕುಡಿಸಿದಳು. ಖಾಲಿ ಬಾಟಲಿಯನ್ನು ನನ್ನ ಮಡಿಲಿಗೆ ಹಾಕಿದಳು. ಆಡುಗಳು ಆಗಲೇ ಮುಂದೆ ಹೋಗಿದ್ದವು. ಅವುಗಳ ಹಿಂದೆ ಮಂಡಿ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು, ಬೇಲಿಯಿಲ್ಲದ ಗುಡ್ಡ ಹತ್ತಿದಳು.